ದೂರದ ಬೆಟ್ಟ ಏಕೆ ನುಣ್ಣಗೆ, ಏಕೆ ನೀಲಿ?

ಕೆಲವು ವರ್ಷಗಳ ಹಿಂದೆ ಒಂದು ಶಾಲೆಯ ಚಿತ್ರಕಲಾ ಸ್ಪರ್ಧೆಗೆ ನಾನೂ ಒಬ್ಬ ತೀರ್ಪುಗಾರನಾಗಿ ಹೋಗಿದ್ದೆ. ವಿಷಯ 'ನಮ್ಮ ಊರಿನ ಹೊರನೋಟ'. ಬಹುಪಾಲು ಹಾಳೆಗಳಲ್ಲಿ ನೀವು ಊಹಿಸುವ ದೃಶ್ಯವೇ ಇತ್ತು: ತ್ರಿಕೋನಾಕಾರದ ಎರಡು ಬೆಟ್ಟ, ನಡುವೆ ಉದಯಿಸುವ ಸೂರ್ಯ, ಬೆಟ್ಟದ ಬುಡದಿಂದ ಹೊರಟ ಹೊಳೆ, ದಡದಲ್ಲಿ ತೆಂಗಿನ ಮರ. ಮರವೂ ಹಸಿರು, ಬೆಟ್ಟವೂ ಅಷ್ಟೇ ಗಾಢ ಹಸಿರು. ಒಂದು ಹಾಳೆಯಲ್ಲಿ ಮಾತ್ರ ಹಿಂದಿನ ಬೆಟ್ಟ ಬೂದಿ ಬೆರೆತ ತಿಳಿನೀಲಿಯಾಗಿತ್ತು. ಅದರ ಹಿಂದಿನದು ಇನ್ನೂ ತೆಳು, ಹೆಚ್ಚುಕಡಿಮೆ ಆಕಾಶದ್ದೇ ಬಣ್ಣ. 'ಬಣ್ಣ ಸಾಲದೆ ಅರ್ಧಕ್ಕೇ ಬಿಟ್ಟಿದ್ದಾನೆ' ಎಂದರು ಜೊತೆಗಿದ್ದ ಒಬ್ಬರು. ಹುಡುಗನಿಗೆ ಬಹುಮಾನ ಬರಲಿಲ್ಲ. ಬೆಳಕಿನ ಚದರಿಕೆಯನ್ನು ವರ್ಷಗಟ್ಟಲೆ ಪಾಠ ಮಾಡಿದ್ದ ನಾನು ಕೂಡ ಆ ಹೊತ್ತಿಗೆ ಬಾಯಿ ತೆರೆಯಲಿಲ್ಲ.

ಆ ಹುಡುಗ ಅರ್ಧಕ್ಕೆ ಬಿಟ್ಟಿರಲಿಲ್ಲ, ಕಂಡದ್ದನ್ನು ಬರೆದಿದ್ದ. ಕಂಡದ್ದನ್ನು ಕಂಡಂತೆಯೇ ಬರೆಯುವುದು ಸುಲಭವೆಂದು ನಿಮಗೆ ತೋರಬಹುದು. ಆದರೆ ಬಯಲಿನ ಆಳವನ್ನು ಚಪ್ಪಟೆ ಹಾಳೆಯ ಮೇಲೆ ತರಲು ಮನುಷ್ಯ ಶತಮಾನಗಳನ್ನೇ ತೆಗೆದುಕೊಂಡಿದ್ದಾನೆ. ಇದಕ್ಕೆ ಎರಡು ಬೇರೆ ಬೇರೆ ವಿದ್ಯೆಗಳು ಬೇಕಾದವು. ಒಂದು ರೇಖಾಗಣಿತದ್ದು, ಇನ್ನೊಂದು ಗಾಳಿಯದು. ಮೊದಲನೆಯದನ್ನು ಚಿತ್ರಕಲೆಯ ತರಗತಿಯಲ್ಲಿ 'ಪರ್ಸ್ಪೆಕ್ಟಿವ್' ಎಂಬ ಹೆಸರಿನಲ್ಲಿ ಕಲಿಸುತ್ತೇವೆ. ಎರಡನೆಯದನ್ನು ಅಲ್ಲಿಯೂ ಕಲಿಸುವುದು ಕಡಿಮೆ, ಭೌತವಿಜ್ಞಾನದ ತರಗತಿಯಲ್ಲಿಯೂ ಕಡಿಮೆ. ಹೊರಾಂಗಣ ದೃಶ್ಯಕ್ಕೆ ಹೆಚ್ಚು ಬೇಕಾಗುವುದು ಮಾತ್ರ ಎರಡನೆಯದೇ. ಈ ಎರಡು ವಿದ್ಯೆಗಳ ಚರಿತ್ರೆಯನ್ನು ಇಲ್ಲಿ ಪರಿಶೀಲಿಸೋಣ.

ರೇಖೆಗಳ ಲೆಕ್ಕ

ದೂರ ಹೋದಂತೆ ವಸ್ತು ಚಿಕ್ಕದಾಗಿ ಕಾಣುವುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಇದನ್ನು ಗಣಿತದ ಭಾಷೆಯಲ್ಲಿ ಮೊದಲು ವ್ಯವಸ್ಥಿತವಾಗಿ ಬರೆದವನು ಯೂಕ್ಲಿಡ್. ಸುಮಾರು ಕ್ರಿ.ಪೂ. 300ರಲ್ಲಿ ರಚಿತವಾದ ಅವನ 'ಆಪ್ಟಿಕ್ಸ್' ಗ್ರಂಥದ ಪ್ರಕಾರ, ವಸ್ತುವಿನ ಎರಡು ತುದಿಗಳಿಂದ ಕಣ್ಣಿಗೆ ಎಳೆದ ರೇಖೆಗಳ ನಡುವಿನ ಕೋನವೇ ಅದು ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನು ನಿರ್ಧರಿಸುತ್ತದೆ. ಕಣ್ಣಿನಿಂದಲೇ ಕಿರಣಗಳು ಹೊರಡುತ್ತವೆ ಎಂದು ಯೂಕ್ಲಿಡ್ ತಿಳಿದಿದ್ದ. ಅದು ತಪ್ಪೆಂದೂ, ಬೆಳಕು ವಸ್ತುವಿನಿಂದ ಕಣ್ಣಿಗೆ ಬರುತ್ತದೆಂದೂ ವಾದಿಸಿ ದೃಗ್ವಿಜ್ಞಾನಕ್ಕೆ ಹೊಸ ತಳಪಾಯ ಹಾಕಿದವನು 11ನೆಯ ಶತಮಾನದ ಮೊದಲ ಭಾಗದಲ್ಲಿ ಕೈರೋದಲ್ಲಿದ್ದ ಇಬ್ನ್ ಅಲ್-ಹೈತಮ್. ಅವನ ಗ್ರಂಥ ಲ್ಯಾಟಿನ್ ಭಾಷೆಗೆ ಅನುವಾದವಾಗಿ ಯೂರೋಪಿನ ವಿದ್ವಾಂಸರಿಗೆ ಪಾಠಪುಸ್ತಕವಾಯಿತು. ಕಿರಣದ ದಿಕ್ಕು ಯಾವುದೇ ಇರಲಿ, ಕೋನದ ಲೆಕ್ಕ ಬದಲಾಗದು ಎಂಬುದನ್ನು ಗಮನಿಸಿ.

ಈ ಲೆಕ್ಕವನ್ನು ನೀವೇ ಮಾಡಿ ನೋಡಬಹುದು. ಒಂದು ಗಾಜಿನ ಹಲಗೆಯನ್ನು ಕಣ್ಣಿನಿಂದ 50 ಸೆಂ.ಮೀ. ದೂರದಲ್ಲಿ ನೇರವಾಗಿ ನಿಲ್ಲಿಸಿದ್ದೀರಿ ಎನ್ನೋಣ. ಒಂದು ಕಣ್ಣು ಮುಚ್ಚಿ, ಕಾಣುವ ದೃಶ್ಯವನ್ನು ಗಾಜಿನ ಮೇಲೆಯೇ ಗುರುತು ಮಾಡುತ್ತೀರಿ. ಸಮರೂಪ ತ್ರಿಕೋನಗಳ ನಿಯಮದಂತೆ, ಗುರುತಿನ ಎತ್ತರ ಎಂದರೆ ವಸ್ತುವಿನ ಎತ್ತರವನ್ನು 50 ಸೆಂ.ಮೀ.ಯಿಂದ ಗುಣಿಸಿ ವಸ್ತುವಿನ ದೂರದಿಂದ ಭಾಗಿಸಿದಷ್ಟು. 10 ಮೀಟರ್ ಎತ್ತರದ ತೆಂಗಿನ ಮರ 50 ಮೀಟರ್ ದೂರದಲ್ಲಿದ್ದರೆ ಗಾಜಿನ ಮೇಲೆ 10 ಸೆಂ.ಮೀ. ಇರುತ್ತದೆ. 500 ಮೀಟರ್ ದೂರದಲ್ಲಿ 1 ಸೆಂ.ಮೀ.; 5 ಕಿ.ಮೀ. ದೂರದಲ್ಲಿ ಕೇವಲ 1 ಮಿ.ಮೀ. ನಮ್ಮ ಬ್ರಾಡ್‌ಗೇಜ್ ರೈಲು ಹಳಿಗಳ ನಡುವಿನ ಅಂತರ 1.676 ಮೀಟರ್. ಅದು 10 ಮೀಟರ್ ದೂರದಲ್ಲಿ ಗಾಜಿನ ಮೇಲೆ 8.4 ಸೆಂ.ಮೀ. ಆಗಿರುತ್ತದೆ, 1 ಕಿ.ಮೀ. ದೂರದಲ್ಲಿ 1 ಮಿ.ಮೀ.ಗಿಂತ ಕಡಿಮೆ. ಹಳಿಗಳು ಸೇರುವಂತೆ ಕಾಣುವ ಆ ಜಾಗವೇ ಕಣ್ಮರೆ ಬಿಂದು. ಸಮತಟ್ಟಾದ ನೆಲದಲ್ಲಿ ಅದು ದಿಗಂತದ ಮೇಲಿರುತ್ತದೆ, ದಿಗಂತ ಸದಾ ನಿಮ್ಮ ಕಣ್ಣಿನ ಮಟ್ಟದಲ್ಲಿರುತ್ತದೆ.

ಫ್ಲಾರೆನ್ಸಿನ ಕನ್ನಡಿ

ಈ ಗಣಿತ ಚಿತ್ರಕಾರನ ಕೈಗೆ ಬಂದದ್ದು 15ನೆಯ ಶತಮಾನದಲ್ಲಿ, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಆ ನಗರದ ಪ್ರಧಾನ ಚರ್ಚಿನ ದೊಡ್ಡ ಗುಮ್ಮಟವನ್ನು ಕಟ್ಟಿದ ಫಿಲಿಪ್ಪೊ ಬ್ರುನೆಲ್ಲೆಸ್ಕಿ (1377–1446), ಆ ಶತಮಾನದ ಮೊದಲ ಕಾಲು ಭಾಗದಲ್ಲಿ ಒಂದು ಪ್ರಯೋಗವನ್ನು ಮಾಡಿ ತೋರಿಸಿದ. ಇದರ ವಿವರ ನಮಗೆ ದೊರೆಯುವುದು ಅವನ ಜೀವನಚರಿತ್ರೆಯನ್ನು ಬರೆದ ಆಂಟೋನಿಯೊ ಮಾನೆಟ್ಟಿಯಿಂದ.

ಚರ್ಚಿನ ಎದುರಿಗೆ ಎಂಟು ಮೂಲೆಗಳ ದೀಕ್ಷಾಗೃಹವೊಂದಿದೆ. ಚರ್ಚಿನ ಬಾಗಿಲಿನೊಳಗೆ ನಿಂತರೆ ಅದು ಹೇಗೆ ಕಾಣುವುದೋ ಹಾಗೆಯೇ ಬ್ರುನೆಲ್ಲೆಸ್ಕಿ ಒಂದು ಚಿಕ್ಕ ಹಲಗೆಯ ಮೇಲೆ ಚಿತ್ರ ಬರೆದ. ಚಿತ್ರದಲ್ಲಿ ಒಂದು ಸಣ್ಣ ರಂಧ್ರ ಕೊರೆದ. ನೋಡುವವನು ಅದೇ ಬಾಗಿಲಲ್ಲಿ ನಿಂತು ಹಲಗೆಯ ಹಿಂಬದಿಗೆ ಕಣ್ಣಿಟ್ಟು ರಂಧ್ರದ ಮೂಲಕ ನೋಡಬೇಕು. ಇನ್ನೊಂದು ಕೈಯಲ್ಲಿ ಚಿತ್ರಕ್ಕೆ ಎದುರಾಗಿ ಕನ್ನಡಿ ಹಿಡಿಯಬೇಕು. ಕನ್ನಡಿಯಲ್ಲಿ ಚಿತ್ರ ಕಾಣುತ್ತದೆ. ಕನ್ನಡಿಯನ್ನು ಸರಿಸಿದರೆ ನಿಜವಾದ ಕಟ್ಟಡ ಕಾಣುತ್ತದೆ. ಎರಡಕ್ಕೂ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲವಂತೆ. ಒಂದು ಕಣ್ಣು, ಒಂದು ಸ್ಥಾನ, ಒಂದು ದೂರ: ಯೂಕ್ಲಿಡನ ಜ್ಯಾಮಿತಿಗೆ ಬೇಕಾದ ಎಲ್ಲ ಷರತ್ತುಗಳನ್ನೂ ಆ ರಂಧ್ರ ಪೂರೈಸಿತ್ತು.

ಈ ಕಥೆಯಲ್ಲಿ ಒಂದು ವಿವರವನ್ನು ನಾವು ಸಾಮಾನ್ಯವಾಗಿ ಅವಸರದಲ್ಲಿ ದಾಟಿಬಿಡುತ್ತೇವೆ. ಕಟ್ಟಡದ ಮೇಲಿನ ಆಕಾಶವನ್ನು ಬ್ರುನೆಲ್ಲೆಸ್ಕಿ ಬರೆಯಲೇ ಇಲ್ಲ. ಆ ಭಾಗಕ್ಕೆ ಉಜ್ಜಿ ಹೊಳಪು ಕೊಟ್ಟ ಬೆಳ್ಳಿಯನ್ನು ಹಾಕಿದ. ನಿಜವಾದ ಆಕಾಶ, ಗಾಳಿಗೆ ಸಾಗುವ ಮೋಡ, ಎಲ್ಲವೂ ಅದರಲ್ಲಿ ಪ್ರತಿಫಲಿಸುತ್ತಿದ್ದವು. ಗೋಡೆಗೆ ಅಂಚಿದೆ, ಅಂಚಿಗೆ ರೇಖೆ ಎಳೆಯಬಹುದು, ಆಕಾಶಕ್ಕೆ ಅಂಚಿಲ್ಲ. ತನ್ನ ವಿಧಾನದ ಗಡಿ ಎಲ್ಲಿದೆ ಎಂಬುದು ಅದನ್ನು ಕಂಡುಹಿಡಿದವನಿಗೇ ಚೆನ್ನಾಗಿ ಗೊತ್ತಿತ್ತು ಎಂದು ನನಗೆ ತೋರುತ್ತದೆ.

1435ರಲ್ಲಿ ಲಿಯೋನ್ ಬಟಿಸ್ಟಾ ಆಲ್ಬರ್ಟಿ ಚಿತ್ರಕಲೆಯ ಕುರಿತು ಲ್ಯಾಟಿನ್ ಭಾಷೆಯಲ್ಲಿ ಗ್ರಂಥ ರಚಿಸಿ ಈ ವಿಧಾನವನ್ನು ಬರಹಕ್ಕೆ ಇಳಿಸಿದ. ಅದರ ಇಟಾಲಿಯನ್ ರೂಪವನ್ನು ಬ್ರುನೆಲ್ಲೆಸ್ಕಿಗೇ ಅರ್ಪಿಸಿದ. ಚಿತ್ರವನ್ನು ತೆರೆದ ಕಿಟಕಿಯಂತೆ ಭಾವಿಸಬೇಕೆಂಬುದು ಅವನ ಸಲಹೆ. ನೋಡುವವನ ಮತ್ತು ದೃಶ್ಯದ ನಡುವೆ ಚೌಕುಳಿ ದಾರಗಳ ತೆಳು ಪರದೆಯೊಂದನ್ನು ಕಟ್ಟಿ, ಯಾವ ಚೌಕದಲ್ಲಿ ಏನು ಕಾಣುವುದೋ ಅದನ್ನು ಹಾಳೆಯ ಅದೇ ಚೌಕಕ್ಕೆ ಇಳಿಸುವ ಉಪಾಯವನ್ನೂ ಅವನು ವಿವರಿಸಿದ. ನಕ್ಷೆ ಬಿಡಿಸಲು ನಾವು ಇಂದಿಗೂ ಬಳಸುವ ಗ್ರಾಫ್ ಹಾಳೆಯ ತಂತ್ರವನ್ನು ಇದು ನೆನಪಿಸುತ್ತದೆ.

ರೇಖೆ ಸೋಲುವ ಜಾಗ

ಈಗ ಆ ಗಾಜಿನ ಹಲಗೆಯನ್ನು ಬಯಲಿಗೆ ತನ್ನಿ. ನಿಮ್ಮ ಕಣ್ಣು ನೆಲದಿಂದ 1.5 ಮೀಟರ್ ಎತ್ತರದಲ್ಲಿದೆ, ಎದುರಿಗೆ ಸಮತಟ್ಟಾದ ಗದ್ದೆ ಬಯಲು. 5 ಮೀಟರ್ ದೂರದ ಬದು ಗಾಜಿನ ಮೇಲೆ ದಿಗಂತದಿಂದ 15 ಸೆಂ.ಮೀ. ಕೆಳಗೆ ಬೀಳುತ್ತದೆ. 50 ಮೀಟರಿನದು 1.5 ಸೆಂ.ಮೀ. ಕೆಳಗೆ, 500 ಮೀಟರಿನದು 1.5 ಮಿ.ಮೀ. ಕೆಳಗೆ. ಅಂದರೆ ಅರ್ಧ ಕಿಲೋಮೀಟರಿನಿಂದ ಹಿಡಿದು ದಿಗಂತದವರೆಗಿನ ಅಷ್ಟೂ ಹೊಲ, ತೋಪು, ಕೆರೆ, ಹಳ್ಳಿಗಳು ಒಂದೂವರೆ ಮಿಲಿಮೀಟರಿನ ಪಟ್ಟಿಯೊಳಗೆ ಅಡಗಬೇಕು. ಪೆನ್ಸಿಲಿನ ಮೊನೆಗೆ ಅಲ್ಲಿ ಜಾಗವೇ ಇಲ್ಲ.

ಬೆಟ್ಟಗಳದ್ದು ಇನ್ನೊಂದು ತೊಡಕು. 10 ಕಿ.ಮೀ. ದೂರದ 300 ಮೀಟರ್ ಎತ್ತರದ ಗುಡ್ಡ, 20 ಕಿ.ಮೀ. ದೂರದ 600 ಮೀಟರ್ ಬೆಟ್ಟ, ಎರಡೂ ಗಾಜಿನ ಮೇಲೆ ಒಂದೇ 1.5 ಸೆಂ.ಮೀ. ಮನೆಯಾದರೆ ಬಾಗಿಲಿನ ಗಾತ್ರ ನೋಡಿ ದೂರ ಊಹಿಸಬಹುದು. ಬೆಟ್ಟಕ್ಕೆ ಅಂಥ ಗೊತ್ತಾದ ಅಳತೆಯಿಲ್ಲ, ಸಮಾಂತರ ರೇಖೆಗಳೂ ಇಲ್ಲ. ಎರಡು ಕಣ್ಣುಗಳ ಸಹಾಯವೂ ಅಷ್ಟು ದೂರಕ್ಕೆ ಎಟುಕದು. ಕಣ್ಣುಗಳ ನಡುವಿನ ಅಂತರ ಸುಮಾರು 6.5 ಸೆಂ.ಮೀ.; 1 ಕಿ.ಮೀ. ದೂರದಲ್ಲಿ ಅದು ಉಂಟುಮಾಡುವ ಕೋನ ವ್ಯತ್ಯಾಸ ಹದಿಮೂರು ಸೆಕೆಂಡ್ ಮಾತ್ರ, ಅಂದರೆ ಒಂದು ಡಿಗ್ರಿಯ ಸುಮಾರು ಮುನ್ನೂರರಲ್ಲಿ ಒಂದು ಪಾಲು.

ಆದರೂ ಬೆಟ್ಟಸಾಲಿನ ಎದುರು ನಿಂತಾಗ ಯಾವುದು ಮುಂದೆ, ಯಾವುದು ಹಿಂದೆ, ಯಾವುದು ತೀರಾ ಹಿಂದೆ ಎಂದು ನಮಗೆ ತಿಳಿಯುತ್ತದಲ್ಲ? ಒಂದು ಇನ್ನೊಂದನ್ನು ಮರೆಮಾಡುವುದರಿಂದ ಕ್ರಮ ತಿಳಿಯುತ್ತದೆ. ಆದರೆ 'ಎಷ್ಟು ಹಿಂದೆ' ಎಂಬುದರ ಸುಳಿವು ಬರುವುದು ಮುಖ್ಯವಾಗಿ ನಡುವಿನ ಗಾಳಿಯಿಂದ.

ಲಿಯೊನಾರ್ಡೊನ 'ಐದು ಪಟ್ಟು'

ದೂರದ್ದನ್ನು ಮಸುಕಾಗಿ ಬರೆಯುವ ರೂಢಿ ಹೊಸದೇನಲ್ಲ. ಬ್ರುನೆಲ್ಲೆಸ್ಕಿಯ ಸಮಕಾಲೀನನಾದ ಯಾನ್ ವಾನ್ ಐಕ್, ಈಗ ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ 'ಚಾನ್ಸಲರ್ ರೋಲಾಂನ ಮಡೋನ್ನ' ಚಿತ್ರದಲ್ಲಿ (ಸುಮಾರು 1435) ನದಿಯ ಆಚೆ ನೀಲಿ ಬೆಟ್ಟಗಳನ್ನು ಬರೆದಿದ್ದಾನೆ. ಆದರೆ 'ಎಷ್ಟು ದೂರಕ್ಕೆ ಎಷ್ಟು ನೀಲಿ' ಎಂದು ಕೇಳಿದವನು ಲಿಯೊನಾರ್ಡೊ ಡಾ ವಿಂಚಿ (1452–1519).

1473ರ ಆಗಸ್ಟ್ 5ರ ದಿನಾಂಕವಿರುವ ಅವನ ರೇಖಾಚಿತ್ರವೊಂದು ಫ್ಲಾರೆನ್ಸಿನ ಉಫಿಜಿ ಸಂಗ್ರಹದಲ್ಲಿದೆ. ಆರ್ನೊ ನದಿಯ ಕಣಿವೆಯ ದೃಶ್ಯವದು. ಆಗ ಅವನಿಗೆ 21 ವರ್ಷ. ಮುಂದೆ ತನ್ನ ಟಿಪ್ಪಣಿಗಳಲ್ಲಿ ಅವನು ಪರ್ಸ್ಪೆಕ್ಟಿವ್‌ನಲ್ಲಿ ಮೂರು ಬಗೆ ಎಂದು ವಿಂಗಡಿಸಿದ. ದೂರಕ್ಕೆ ತಕ್ಕಂತೆ ಗಾತ್ರ ಕುಗ್ಗುವುದು ಒಂದು, ಬಣ್ಣ ಬದಲಾಗುವುದು ಇನ್ನೊಂದು, ವಿವರಗಳು ಅಳಿಸಿಹೋಗುವುದು ಮೂರನೆಯದು.

ಈ ಮೂರನೆಯದು ನಮಗೆ ಹೊಸದಲ್ಲ. 'ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ' ಎಂಬ ನಮ್ಮ ಗಾದೆ ಅದನ್ನೇ ಹೇಳುತ್ತದೆ. ಆರೋಗ್ಯವಂತ ಕಣ್ಣು ಬೇರ್ಪಡಿಸಿ ನೋಡಬಲ್ಲ ಕನಿಷ್ಠ ಕೋನ ಸುಮಾರು ಒಂದು ಮಿನಿಟ್, ಅಂದರೆ ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು. 10 ಕಿ.ಮೀ. ದೂರದಲ್ಲಿ ಇದು ಸುಮಾರು 3 ಮೀಟರಿಗೆ ಸಮ. ಅದಕ್ಕಿಂತ ಹತ್ತಿರ ಹತ್ತಿರ ಇರುವ ಎರಡು ಬಂಡೆಗಳು ಒಂದಾಗಿ ಬೆರೆತು ಕಾಣುತ್ತವೆ. ಕಲ್ಲು ಮುಳ್ಳು ಇಲ್ಲವಾಗಿ ಬೆಟ್ಟ ನುಣ್ಣಗಾಗುತ್ತದೆ.

ಎರಡನೆಯದಾದ ಬಣ್ಣದ ಬಗ್ಗೆ ಲಿಯೊನಾರ್ಡೊ ಸುಮಾರು 1490ರ ಆಸುಪಾಸಿನಲ್ಲಿ ಒಂದು ಸ್ವಾರಸ್ಯಕರ ಸನ್ನಿವೇಶವನ್ನು ಕಲ್ಪಿಸಿಕೊಂಡಿದ್ದಾನೆ. ಗೋಡೆಯೊಂದರ ಮೇಲಂಚಿನಾಚೆ ಹಲವು ಕಟ್ಟಡಗಳು ಒಂದೇ ಎತ್ತರಕ್ಕೆ ಕಾಣುತ್ತಿವೆ. ಅವುಗಳ ಬುಡ ಕಾಣದು. ರೇಖೆಗಳಿಂದ ಅವುಗಳ ದೂರ ಹೇಳಲಾಗದು. ಆಗ ಏನು ಮಾಡಬೇಕು? ಗಾಳಿ ತುಸು ದಟ್ಟವಾಗಿದೆ ಎಂದುಕೊಳ್ಳಿ, ಹತ್ತಿರದ ಕಟ್ಟಡಕ್ಕೆ ಅದರದೇ ಬಣ್ಣ ಕೊಡಿ, ದೂರದ್ದಕ್ಕೆ ಹೆಚ್ಚು ನೀಲಿ ಬೆರೆಸಿ, ಐದು ಪಟ್ಟು ದೂರದಲ್ಲಿ ತೋರಿಸಬೇಕಾದುದಕ್ಕೆ ಐದು ಪಟ್ಟು ನೀಲಿ ಬೆರೆಸಿ ಎಂಬುದು ಅವನ ಸಲಹೆಯ ಸಾರಾಂಶ. ರೇಖೆ ಸೋಲುವ ಸನ್ನಿವೇಶವನ್ನೇ ಆರಿಸಿಕೊಂಡು, ಗಾಳಿಗೆ ಒಂದು ಅಳತೆಗೋಲು ಕೊಟ್ಟಿದ್ದಾನೆ ನೋಡಿ. ಇದು ಸರಳ ಅನುಪಾತದ ನಿಯಮ. ಸರಿಯೇ ಎಂಬುದನ್ನು ಮುಂದೆ ಪರೀಕ್ಷಿಸೋಣ.

ಬೇರೆ ಕಣ್ಣು, ಬೇರೆ ದಾರಿ

ಆಳವನ್ನು ತೋರಿಸಲು ಕಣ್ಮರೆ ಬಿಂದು ಬೇಕೇ ಬೇಕೆಂದಿಲ್ಲ. ಚೀನಾದ ಸಾಂಗ್ ರಾಜವಂಶದ ಕಾಲದ ಗುವೊ ಷಿ ಎಂಬ ಕಲಾವಿದ 1072ರಲ್ಲಿ ಬರೆದ 'ವಸಂತದ ಆರಂಭ' ಎಂಬ ಚಿತ್ರದಲ್ಲಿ ಒಂದೇ ನೋಟದ ಬಿಂದುವಿಲ್ಲ. ಬೆಟ್ಟದ ಬುಡದಿಂದ ಮೇಲಕ್ಕೆ, ಮುಂದಿನಿಂದ ಹಿಂದಕ್ಕೆ, ಹತ್ತಿರದ ಬೆಟ್ಟದಿಂದ ದೂರದ ಬೆಟ್ಟಕ್ಕೆ ಎಂದು ಮೂರು ಬಗೆಯ 'ದೂರ'ಗಳನ್ನು ಅವನು ಹೇಳುತ್ತಾನೆ. ಬೆಟ್ಟಗಳ ನಡುವೆ ಮಂಜನ್ನು ಬಿಟ್ಟು, ಮಸಿಯನ್ನು ತೆಳುವಾಗಿಸುತ್ತಾ ಹೋಗಿ ಆಳವನ್ನು ಸಾಧಿಸುತ್ತಾನೆ. ಫ್ಲಾರೆನ್ಸಿನ ಪ್ರಯೋಗಕ್ಕಿಂತ ಮೂರು ಶತಮಾನಗಳಿಗೂ ಹೆಚ್ಚು ಹಿಂದೆಯೇ ಗಾಳಿಯ ವಿದ್ಯೆ ಅಲ್ಲಿ ಪಳಗಿತ್ತು.

ನಮ್ಮ ನಾಡಿನಲ್ಲಿ ಇದನ್ನು ಕುರಿತು ಯೋಚಿಸಲು ಒಳ್ಳೆಯ ಜಾಗ ಶ್ರೀರಂಗಪಟ್ಟಣ. ಅಲ್ಲಿನ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರವಿದೆ. ಕುದುರೆ ಸವಾರರು ಸಾಲು ಸಾಲಾಗಿ ಒಬ್ಬರ ಮೇಲೊಬ್ಬರು ನಿಂತಂತೆ ಕಾಣುತ್ತಾರೆ; ಹಿಂದಿನ ಸಾಲಿನವರು ಚಿಕ್ಕವರಾಗಿಲ್ಲ, ಮಸುಕೂ ಆಗಿಲ್ಲ. ಅದೇ ಪ್ರದೇಶದ ಬೆಟ್ಟ ಕೋಟೆಗಳನ್ನು 1790ರ ದಶಕದಲ್ಲಿ ಇಂಗ್ಲಿಷರ ಸೈನ್ಯದ ಜೊತೆ ಬಂದ ರಾಬರ್ಟ್ ಹೋಮ್, ರಾಬರ್ಟ್ ಹೈಡ್ ಕೋಲ್‌ಬ್ರೂಕ್ ಮುಂತಾದವರು ಬರೆದರು. ಮೈಸೂರು ಸೀಮೆಯ ದೃಶ್ಯಗಳ ಹೋಮ್‌ನ ಪುಸ್ತಕ 1794ರಲ್ಲಿ ಪ್ರಕಟವಾಯಿತು. ಕೋಲ್‌ಬ್ರೂಕ್ ವೃತ್ತಿಯಿಂದ ಸರ್ವೇಕ್ಷಕ. ಮುಂದೆ ಬಂಗಾಳದ ಸರ್ವೇಯರ್ ಜನರಲ್ ಆದವನು. ಇವರ ಚಿತ್ರಗಳಲ್ಲಿ ಒಬ್ಬನೇ ನೋಡುಗ ಒಂದೇ ಜಾಗದಲ್ಲಿ ನಿಂತಿದ್ದಾನೆ. ಕೋಟೆಯ ಬೆಟ್ಟ ಎಷ್ಟು ದೂರ, ನಡುವೆ ಏನಿದೆ ಎಂಬುದು ಅವನಿಗೆ ಮುಖ್ಯ.

ಇವೆರಡರಲ್ಲಿ ಒಂದು 'ಸರಿ', ಇನ್ನೊಂದು 'ತಪ್ಪು' ಎಂದು ವಿದ್ಯಾರ್ಥಿಗಳಿಗೆ ಹೇಳಬೇಡಿ. ಗೋಡೆಚಿತ್ರದ ಉದ್ದೇಶ ಯುದ್ಧವನ್ನು ಇಡಿಯಾಗಿ, ಯಾರೂ ಮರೆಯಾಗದಂತೆ ತೋರಿಸುವುದು. ಒಂದೇ ಕಣ್ಣಿನ ನೋಟದಲ್ಲಿ ಮುಂದಿನವನು ಹಿಂದಿನವನನ್ನು ಮುಚ್ಚುತ್ತಾನೆ. ಪರ್ಸ್ಪೆಕ್ಟಿವ್ ಒಂದು ಮಾಹಿತಿಯನ್ನು ಪಡೆಯಲು ಇನ್ನೊಂದನ್ನು ಬಿಟ್ಟುಕೊಡುವ ವಿಧಾನ. ಏನನ್ನು ತಿಳಿಯಬೇಕು ಎಂಬುದರ ಮೇಲೆ ಯಾವುದನ್ನು ಆರಿಸಬೇಕೆಂಬುದು ನಿಂತಿದೆ.

ಗಾಳಿಗೊಂದು ಸೂತ್ರ

ಲಿಯೊನಾರ್ಡೊನ ನಿಯಮವನ್ನು ಪರೀಕ್ಷಿಸಲು ಬೇಕಾದ ಗಣಿತ 18ನೆಯ ಶತಮಾನದಲ್ಲಿ ಬಂತು. 1729ರಲ್ಲಿ ಫ್ರಾನ್ಸಿನ ಪಿಯರ್ ಬೂಗೆ, ಬೆಳಕು ಪಾರದರ್ಶಕ ಮಾಧ್ಯಮದಲ್ಲಿ ಸಾಗುವಾಗ ಹೇಗೆ ಕ್ಷೀಣಿಸುತ್ತದೆ ಎಂಬುದನ್ನು ವಿವರಿಸಿದ. ಸಮಾನ ದಪ್ಪದ ಪ್ರತಿ ಪದರವೂ ಸಮಾನ ಮೊತ್ತದ ಬೆಳಕನ್ನು ಕಸಿಯುವುದಿಲ್ಲ. ತನ್ನನ್ನು ತಲುಪಿದ ಬೆಳಕಿನ ಸಮಾನ ಭಾಗವನ್ನು ಕಸಿಯುತ್ತದೆ. ಮೊದಲ ಪದರ ಹತ್ತನೆಯ ಒಂದು ಭಾಗ ಕಳೆದರೆ ಉಳಿಯುವುದು 90. ಎರಡನೆಯದು 90ರ ಹತ್ತನೆಯ ಒಂದು ಭಾಗ ಕಳೆದು 81 ಉಳಿಸುತ್ತದೆ. ಇದೇ ಘಾತೀಯ ಕ್ಷೀಣತೆ. ಜರ್ಮನ್ ಭಾಷಿಕ ವಿಜ್ಞಾನಿ ಯೋಹಾನ್ ಹೈನ್‌ರಿಷ್ ಲ್ಯಾಂಬರ್ಟ್ 1760ರ ತನ್ನ 'ಫೋಟೊಮೆಟ್ರಿಯಾ' ಗ್ರಂಥದಲ್ಲಿ ಇದನ್ನು ಬೆಳೆಸಿದ. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ನೀವು ಬಳಸುವ ಬೀರ್–ಲ್ಯಾಂಬರ್ಟ್ ನಿಯಮದಲ್ಲಿರುವ ಹೆಸರು ಇವನದೇ. ಇದೇ ಲ್ಯಾಂಬರ್ಟ್ ಒಂದು ವರ್ಷ ಮೊದಲು, 1759ರಲ್ಲಿ, ಚಿತ್ರಕಾರರ ರೇಖಾ ಪರ್ಸ್ಪೆಕ್ಟಿವ್ ಕುರಿತೇ ಒಂದು ಪುಸ್ತಕ ಪ್ರಕಟಿಸಿದ್ದ. ನಾವು ಹೇಳುತ್ತಿರುವ ಎರಡು ವಿದ್ಯೆಗಳೂ ಒಬ್ಬನೇ ವ್ಯಕ್ತಿಯ ಮೇಜಿನ ಮೇಲೆ ಅಕ್ಕಪಕ್ಕ ಇದ್ದವು.

ಬಯಲಿನ ದೃಶ್ಯಕ್ಕೆ ಈ ನಿಯಮವನ್ನು ಪೂರ್ಣವಾಗಿ ಅನ್ವಯಿಸಿದವನು ಹವಾಮಾನ ವಿಜ್ಞಾನಿ ಹೆರಾಲ್ಡ್ ಕೋಶ್‌ಮೀಡರ್, 1924ರಲ್ಲಿ. ಬೆಟ್ಟದಿಂದ ಹೊರಟ ಬೆಳಕು ದಾರಿಯಲ್ಲಿ ಘಾತೀಯವಾಗಿ ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ ನಡುವಿನ ಗಾಳಿ ಸೂರ್ಯನ ಬೆಳಕನ್ನು ನಮ್ಮ ಕಡೆಗೆ ಚದರಿಸುತ್ತದೆ. ಇದನ್ನು 'ಗಾಳಿಬೆಳಕು' ಎನ್ನೋಣ. ಕಳೆದದ್ದು ಬೆಟ್ಟದ ಬೆಳಕು, ಸೇರಿದ್ದು ಗಾಳಿಬೆಳಕು. ದೂರ ಹೆಚ್ಚಿದಂತೆ ಬೆಟ್ಟ ದಿಗಂತದ ಆಕಾಶದ ಬಣ್ಣಕ್ಕೆ ಹತ್ತಿರವಾಗುತ್ತದೆ. ಕಪ್ಪು ವಸ್ತುವೊಂದಕ್ಕೂ ಆಕಾಶಕ್ಕೂ ಇರುವ ವ್ಯತ್ಯಾಸ ಶೇಕಡಾ 2ಕ್ಕೆ ಇಳಿದರೆ ಕಣ್ಣಿಗೆ ಅದು ಕಾಣದು ಎಂದು ಒಪ್ಪಿಕೊಳ್ಳಲಾಗಿದೆ. ಆ ದೂರವೇ ದೃಷ್ಟಿಗೋಚರತೆ. ಅದನ್ನು ಪಡೆಯಲು 3.912 ಎಂಬ ಸಂಖ್ಯೆಯನ್ನು ಗಾಳಿಯ ಕ್ಷೀಣತಾ ಗುಣಾಂಕದಿಂದ ಭಾಗಿಸಿದರಾಯಿತು. ಈ ಸಂಖ್ಯೆ 50ರ ಸ್ವಾಭಾವಿಕ ಲಾಗರಿತಮ್ ಎಂದು ನಿಮ್ಮ ವಿದ್ಯಾರ್ಥಿಗಳು ಕೂಡಲೇ ಗುರುತಿಸಬಲ್ಲರು.

ದೃಷ್ಟಿಗೋಚರತೆ 40 ಕಿ.ಮೀ. ಇರುವ ಒಂದು ದಿನವನ್ನು ತೆಗೆದುಕೊಳ್ಳೋಣ. ಕಪ್ಪಾದ ಗುಡ್ಡವೊಂದು 1 ಕಿ.ಮೀ. ದೂರದಲ್ಲಿದ್ದರೆ ಅದರ ಮೇಲೆ ಕಾಣುವ ಗಾಳಿಬೆಳಕು ದಿಗಂತದ ಆಕಾಶದ ಬೆಳಕಿನ ಶೇಕಡಾ 9ರಷ್ಟು. 5 ಕಿ.ಮೀ.ಗೆ 39, 10 ಕಿ.ಮೀ.ಗೆ 62, 20 ಕಿ.ಮೀ.ಗೆ 86, 40 ಕಿ.ಮೀ.ಗೆ 98. ಲಿಯೊನಾರ್ಡೊನ ಅನುಪಾತದಂತೆ ಹೋದರೆ 5 ಕಿ.ಮೀ.ಗೆ ಸುಮಾರು 47 ಬರಬೇಕು. ಕಣ್ಣಳತೆಗೆ ತೀರಾ ತಪ್ಪೇನಲ್ಲ. 10 ಕಿ.ಮೀ.ಗೆ 93 ಬರುತ್ತದೆ. 20 ಕಿ.ಮೀ.ಗೆ 186, ಅಂದರೆ ಗುಡ್ಡ ಆಕಾಶಕ್ಕಿಂತಲೂ ಹೆಚ್ಚು ಬೆಳಗಬೇಕಾಗುತ್ತದೆ! ಅವನು ಹೇಳಿದ್ದು ಊರೊಳಗಿನ ಗೋಡೆಯಾಚೆಯ ಕಟ್ಟಡಗಳ ಬಗ್ಗೆ. ಕಡಿಮೆ ದೂರಕ್ಕೆ ಘಾತೀಯ ನಿಯಮವೂ ಸರಳ ಅನುಪಾತದಂತೆಯೇ ವರ್ತಿಸುತ್ತದೆ. ಹೀಗಾಗಿ ಅವನ ನಿಯಮ ತಾನು ಆರಿಸಿಕೊಂಡ ಸನ್ನಿವೇಶಕ್ಕೆ ಸರಿ, ಬೆಟ್ಟಸಾಲಿಗೆ ಸಲ್ಲದು. ಒಂದು ನಿಯಮ ತಪ್ಪೇ ಸರಿಯೇ ಎಂಬುದಕ್ಕಿಂತ, ಎಲ್ಲಿಯವರೆಗೆ ಸರಿ ಎಂದು ಕೇಳುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಈ ಅಂಕಿಗಳಲ್ಲಿ ಚಿತ್ರಕಾರನಿಗೂ ಪಾಠವಿದೆ. ಹತ್ತಿರದ ಬೆಟ್ಟಗಳ ನಡುವೆ ಬಣ್ಣದ ವ್ಯತ್ಯಾಸ ಹೆಚ್ಚು. ದೂರದ ಸಾಲುಗಳ ನಡುವೆ ವ್ಯತ್ಯಾಸ ಬಹಳ ಕಡಿಮೆ. ಕೊನೆಯ ಎರಡು ಸಾಲುಗಳು ಆಕಾಶದಿಂದ ಕೂದಲೆಳೆಯಷ್ಟೇ ಬೇರೆ. ನಮ್ಮ ಸ್ಪರ್ಧೆಯ ಹುಡುಗ ಮಾಡಿದ್ದೂ ಅದನ್ನೇ.

ನೀಲಿ ಎಲ್ಲಿಂದ?

ಇಷ್ಟಾದರೂ ಗಾಳಿಬೆಳಕು ನೀಲಿ ಏಕೆ ಎಂಬ ಪ್ರಶ್ನೆ ಉಳಿಯಿತು. ಲಿಯೊನಾರ್ಡೊ ಆಲ್ಪ್ಸ್‌ನ ಮಾಂಟೆ ರೋಸಾ ಪರ್ವತದ ಮೇಲೆ ಕಂಡ ಕಡುನೀಲಿ ಆಕಾಶವನ್ನು ದಾಖಲಿಸಿ, ನೀಲಿ ಗಾಳಿಯ ಸ್ವಂತ ಬಣ್ಣವಲ್ಲ, ಬೆಳಗಿದ ಸೂಕ್ಷ್ಮ ಕಣಗಳು ಕತ್ತಲೆಯ ಹಿನ್ನೆಲೆಯ ಮುಂದೆ ನೀಲಿಯಾಗಿ ಕಾಣುತ್ತವೆ ಎಂದು ತರ್ಕಿಸಿದ್ದ. ಒಣ ಕಟ್ಟಿಗೆಯ ಹೊಗೆಯ ಹಿಂದೆ ಕಪ್ಪು ಮಖಮಲ್ ಹಿಡಿದು ನೋಡುವ ಪ್ರಯೋಗವನ್ನೂ ಸೂಚಿಸಿದ್ದ. 1787ರಲ್ಲಿ ಮಾಂಟ್ ಬ್ಲಾಂಕ್ ಏರಿದ ಸ್ವಿಸ್ ವಿಜ್ಞಾನಿ ಒರಾಸ್ ಬೆನೆಡಿಕ್ಟ್ ಡಿ ಸೊಸ್ಯೂರ್, ಬಿಳಿಯಿಂದ ಕಡುನೀಲಿಯವರೆಗೆ ಬಣ್ಣ ಬಳಿದ ಕಾಗದದ ತುಂಡುಗಳನ್ನು ಜೊತೆಗೆ ಒಯ್ದು ಆಕಾಶದ ನೀಲಿಯನ್ನು ಅಳೆದ. ಈ ಉಪಕರಣಕ್ಕೆ ಸಯನೊಮೀಟರ್ ಎಂದು ಹೆಸರು.

ಉತ್ತರ ಬಂದದ್ದು 1871ರಲ್ಲಿ. ಅದನ್ನು ಕೊಟ್ಟವನು ಮುಂದೆ ಲಾರ್ಡ್ ರ್‍ಯಾಲೆ ಎಂದು ಹೆಸರಾದ ಜಾನ್ ವಿಲಿಯಂ ಸ್ಟ್ರಟ್. ಬೆಳಕಿನ ತರಂಗಾಂತರಕ್ಕಿಂತ ತೀರಾ ಚಿಕ್ಕದಾದ ಕಣಗಳು ಬೆಳಕನ್ನು ತರಂಗಾಂತರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿ ಚದರಿಸುತ್ತವೆ. 450 ನ್ಯಾನೊಮೀಟರಿನ ನೀಲಿ, 650 ನ್ಯಾನೊಮೀಟರಿನ ಕೆಂಪಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಚದರುತ್ತದೆ. ಈ ಕೆಲಸಕ್ಕೆ ಗಾಳಿಯ ಅಣುಗಳೇ ಸಾಕು ಎಂದು ಅವನು 1899ರಲ್ಲಿ ತೋರಿಸಿದ. ಸಮುದ್ರದ ನೀಲಿಯೂ ಬರೀ ಆಕಾಶದ ಪ್ರತಿಬಿಂಬವಲ್ಲ, ನೀರಿನ ಅಣುಗಳೂ ಬೆಳಕನ್ನು ಚದರಿಸುತ್ತವೆ ಎಂದು 1921ರ ಹಡಗು ಪ್ರಯಾಣದ ನಂತರ ಸಿ.ವಿ. ರಾಮನ್ ವಾದಿಸಿದ್ದು, ಆ ಜಾಡು ಹಿಡಿದು 1928ರ ರಾಮನ್ ಪರಿಣಾಮಕ್ಕೆ ತಲುಪಿದ್ದು ನಿಮಗೆ ಗೊತ್ತೇ ಇದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. 'ದೂರದ್ದೆಲ್ಲ ನೀಲಿ' ಎಂಬುದು ಪೂರ್ಣ ಸತ್ಯವಲ್ಲ. ಕಾಡು ಮುಚ್ಚಿದ ಕಪ್ಪು ಬೆಟ್ಟಕ್ಕೆ ಸೇರುವುದು ನೀಲಿ ಗಾಳಿಬೆಳಕು, ಅದಕ್ಕೇ ಅದು ನೀಲಿ. ಆದರೆ ಹಿಮ ಮುಚ್ಚಿದ ಶಿಖರ ಅಥವಾ ದಿಗಂತದ ಬಿಳಿ ಮೋಡ ತಾನೇ ಹೆಚ್ಚು ಬೆಳಕನ್ನು ಕಳುಹಿಸುತ್ತದೆ. ದಾರಿಯಲ್ಲಿ ಅದರ ನೀಲಿ ಭಾಗ ಚದರಿ ಹೋಗಿ, ಉಳಿದದ್ದು ತುಸು ಹಳದಿಯಾಗಿ ಕಾಣುತ್ತದೆ. ಇನ್ನು ಗಾಳಿಯಲ್ಲಿ ದೂಳು, ಹೊಗೆ, ಮಂಜಿನ ಹನಿ ತುಂಬಿದಾಗ ಕಣಗಳು ತರಂಗಾಂತರದಷ್ಟೇ ದೊಡ್ಡವು ಅಥವಾ ಇನ್ನೂ ದೊಡ್ಡವು. ಅವು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮವಾಗಿ ಚದರಿಸುತ್ತವೆ. ಆಗ ದೂರದ ಬೆಟ್ಟ ನೀಲಿಯಲ್ಲ, ಬೂದು. ಮಳೆ ಬಿದ್ದು ಗಾಳಿ ತೊಳೆದ ಬೆಳಿಗ್ಗೆ ಕಾಣುವ ಬೆಟ್ಟಕ್ಕೂ ಬಿರುಬೇಸಿಗೆಯ ಮಧ್ಯಾಹ್ನದ ಬೆಟ್ಟಕ್ಕೂ ಇರುವ ವ್ಯತ್ಯಾಸ ಇದೇ.

ಅಣುಗಳು ಮಾತ್ರ ಇರುವ ಶುದ್ಧ ಗಾಳಿಯಲ್ಲಿ ದೃಷ್ಟಿಗೋಚರತೆ ಸುಮಾರು 300 ಕಿ.ಮೀ. ಇರಬೇಕು. ನಮ್ಮ ಊರುಗಳಲ್ಲಿ ಅದರ ಸಣ್ಣ ಪಾಲೂ ಸಿಗುವುದಿಲ್ಲ. ಉಳಿದದ್ದನ್ನು ಕಸಿದದ್ದು ದೂಳು, ಹೊಗೆ ಮತ್ತು ತೇವ. 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್‌ನಿಂದ ವಾಹನ, ಕಾರ್ಖಾನೆಗಳು ನಿಂತಾಗ ಪಂಜಾಬಿನ ಜಲಂಧರ್ ನಗರದ ಜನ ಮನೆಯ ಮಾಳಿಗೆಗಳಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ಆಚೆಯ ಧೌಲಾಧಾರ್ ಹಿಮಪರ್ವತಗಳನ್ನು ಕಂಡರು. ಅಲ್ಲಿಯ ಎಷ್ಟೋ ಮಕ್ಕಳು ತಮ್ಮ ಊರಿನಿಂದ ಪರ್ವತ ಕಾಣುತ್ತದೆ ಎಂಬುದನ್ನೇ ಅರಿತಿರಲಿಲ್ಲ. ಪರ್ವತ ಅಲ್ಲಿಯೇ ಇತ್ತು. ನಡುವಿನ ಗಾಳಿ ಅದನ್ನು ಅಳಿಸಿಹಾಕಿತ್ತು.

ತರಗತಿಯಲ್ಲಿ ಏನು ಮಾಡಬಹುದು?

ಮೊದಲನೆಯದಾಗಿ, ಆಲ್ಬರ್ಟಿಯ ಕಿಟಕಿ. ಶಾಲೆಯ ಕಿಟಕಿಯ ಗಾಜಿನಿಂದ 50 ಸೆಂ.ಮೀ. ದೂರದಲ್ಲಿ ವಿದ್ಯಾರ್ಥಿಯ ಗಲ್ಲಕ್ಕೆ ಒಂದು ಆಸರೆ ಇಟ್ಟು, ಒಂದು ಕಣ್ಣು ಮುಚ್ಚಿಸಿ, ಹೊರಗಿನ ಮರ, ಕಂಬ, ಕಾಂಪೌಂಡುಗಳನ್ನು ಸ್ಕೆಚ್ ಪೆನ್ನಿನಿಂದ ಗಾಜಿನ ಮೇಲೆ ಗುರುತಿಸಲಿ. ಗುರುತುಗಳನ್ನು ಅಳೆದು, ಕಂಬದ ನಿಜವಾದ ಎತ್ತರ ಗೊತ್ತಿದ್ದರೆ ಅದರ ದೂರವನ್ನು ಲೆಕ್ಕ ಹಾಕಿಸಿ. ಆಮೇಲೆ ಟೇಪು ಹಿಡಿದು ಪರೀಕ್ಷಿಸಿ.

ಎರಡನೆಯದಾಗಿ, ಲೋಟದೊಳಗಿನ ಗಾಳಿ. ಗಾಜಿನ ಲೋಟದ ತುಂಬ ನೀರಿಗೆ ಒಂದೆರಡು ಹನಿ ಹಾಲು ಬೆರೆಸಿ, ಪಕ್ಕದಿಂದ ಟಾರ್ಚ್ ಬೆಳಕು ಹಾಯಿಸಿ. ಹಿಂದೆ ಕಪ್ಪು ಕಾಗದವಿಟ್ಟರೆ ನೀರು ತಿಳಿನೀಲಿಯಾಗಿ ಕಾಣುತ್ತದೆ. ಲೋಟದ ಮೂಲಕ ಟಾರ್ಚನ್ನೇ ನೋಡಿದರೆ ಹಳದಿ. ಕಪ್ಪು ಬೆಟ್ಟ, ಬಿಳಿ ಮೋಡ ಎರಡೂ ಒಂದೇ ಲೋಟದಲ್ಲಿ. ಇನ್ನಷ್ಟು ಹಾಲು ಬೆರೆಸಿದರೆ ನೀಲಿ ಹೋಗಿ ಬಿಳಿ ಉಳಿಯುತ್ತದೆ.

ಮೂರನೆಯದಕ್ಕೆ ಖರ್ಚೇ ಇಲ್ಲ, ತಾಳ್ಮೆ ಮಾತ್ರ ಬೇಕು. ಶಾಲೆಯ ಮಾಳಿಗೆಯಿಂದ ಕಾಣುವ ಗುಡ್ಡ, ಗೋಪುರ, ನೀರಿನ ಟ್ಯಾಂಕುಗಳಲ್ಲಿ ಬೇರೆ ಬೇರೆ ದೂರದ ಐದನ್ನು ಆರಿಸಿ, ನಕ್ಷೆಯಿಂದ ಅವುಗಳ ದೂರ ಬರೆದಿಟ್ಟುಕೊಳ್ಳಿ. ಪ್ರತಿದಿನ ಒಂದೇ ಹೊತ್ತಿಗೆ ಯಾವುದರವರೆಗೆ ಕಾಣುತ್ತದೆ, ಕಡೆಯದರ ಬಣ್ಣ ನೀಲಿಯೋ ಬೂದೋ ಎಂದು ದಾಖಲಿಸಿ. ವಾರಕ್ಕೊಂದು ಚಿಕ್ಕ ಬಣ್ಣದ ಚಿತ್ರವನ್ನೂ ಬರೆಸಿ. ಒಂದು ವರ್ಷದಲ್ಲಿ ನಿಮ್ಮ ಊರಿನ ಗಾಳಿಯ ದಿನಚರಿ ನಿಮ್ಮ ಕೈಯಲ್ಲಿರುತ್ತದೆ.

ಈ ಕೆಲಸ ಮಾಡುವಾಗ 'ದೂರದ ಬೆಟ್ಟಕ್ಕೆ ನೀಲಿ ಹಚ್ಚಿ' ಎಂದು ಮಾತ್ರ ಹೇಳಿಕೊಡಬೇಡಿ. ಹಾಗೆ ಹೇಳಿದರೆ ಹಸಿರು ತ್ರಿಕೋನದ ಜಾಗಕ್ಕೆ ನೀಲಿ ತ್ರಿಕೋನ ಬರುತ್ತದೆ, ಅಷ್ಟೇ. ಹೊರಗೆ ಕರೆದೊಯ್ದು, ಇಂದು ಆ ಬೆಟ್ಟ ಯಾವ ಬಣ್ಣ ಎಂದು ಕೇಳಿ. ಒಬ್ಬ ನೀಲಿ ಎನ್ನಬಹುದು, ಇನ್ನೊಬ್ಬಳು ಬೂದು ಎನ್ನಬಹುದು, ಮತ್ತೊಬ್ಬ ಬೆಟ್ಟವೇ ಕಾಣುತ್ತಿಲ್ಲ ಎನ್ನಬಹುದು. ಮೂವರಿಗೂ ಅಂಕ ಕೊಡುವ ಮುನ್ನ ನೀವೂ ತಲೆಯೆತ್ತಿ ಒಮ್ಮೆ ನೋಡಿ. ಅಂದು ನಾನು ಮಾಡಬೇಕಾಗಿದ್ದ ಕೆಲಸ ಅದಾಗಿತ್ತು. ಆ ಕೋಣೆಯ ಕಿಟಕಿ ತೆರೆದೇ ಇತ್ತು.